ನಾಣ್ಯದೊಂದಿಗೆ ತಿರುಗದ ಗೆರೆ

ಒಂಬತ್ತರ ಹೊಟ್ಟೆಯ ಮೇಲೆ ಬೆಳಕು ಜಾರಿತು, ಇಸವಿಯ ಕೊನೆಯ ಅಂಕಿ ಅದು, ಅದರ ಬಲಕ್ಕೆ ಅದಕ್ಕೇ ಅಂಟಿದ ಇನ್ನೊಂದು ಒಂಬತ್ತು, ಅವಳಿ ಮಕ್ಕಳು ಒಂದೇ ಹೊದಿಕೆಯೊಳಗೆ ಮಲಗಿದ ಹಾಗೆ — ಅದೇ ನಾಣ್ಯ, ಮೂರು ತಿಂಗಳ ಹಿಂದೆ ಇದೇ ಮೇಜಿನ ಮೇಲೆ, ಇದೇ ಭೂತಗನ್ನಡಿಯ ಕೆಳಗೆ ನೋಡಿ, ಜೋಡಿ ಅಚ್ಚಿನದು, ಅಪರೂಪದ್ದು, ಅಸಲಿ ಎಂದು ಅವಳು ಸಹಿ ಹಾಕಿದ್ದ ನಾಣ್ಯ. ಮತ್ತೆ ಬಂದಿದೆ. ಕೊಳ್ಳುವವರಿಗೆ ಇನ್ನೊಂದು ಸಲ ಖಾತ್ರಿ ಬೇಕಂತೆ, ಹಳೇ ನಾಣ್ಯ ಮಾರುವ ಈ ಸಂಸ್ಥೆಯ ನಿರ್ದೇಶಕರು ಬೆಳಿಗ್ಗೆಯೇ ಬಾಗಿಲಲ್ಲಿ ಅರ್ಧ ತಲೆ ತೂರಿಸಿ ಹೇಳಿ ಹೋಗಿದ್ದಾರೆ, ಬರೀ ಶಾಸ್ತ್ರಕ್ಕೆ ಮೇಡಂ, ನಿಮ್ಮ ಕಣ್ಣು ನೋಡಿದ ಮೇಲೆ ಇನ್ನೇನು ನೋಡೋದು. ಹೌದು, ಅವಳ ಕಣ್ಣು. ಇಪ್ಪತ್ತಾರು ವರ್ಷ ಈ ಕಿಟಕಿಯ ಪಕ್ಕ, ಈ ಕಪ್ಪು ಬಟ್ಟೆಯ ಮೇಲೆ, ಸತ್ತ ರಾಜರ ಮೂಗು, ಕಿವಿ, ಕಿರೀಟದ ಮುತ್ತು ಎಣಿಸಿದ ಕಣ್ಣು. ಗೋಡೆಯಾಚೆ ಕೂತ ಸೊಳ್ಳೆಯ ಕಾಲನ್ನೂ ನಮ್ಮತ್ತಿಗೆ ಎಣಿಸ್ತಾರೆ ಅಂತ ಮೈದುನ ಊಟಕ್ಕೆ ಕೂತಾಗಲೆಲ್ಲ ನಗಿಸುತ್ತಿದ್ದ, ಆಗ ಅವನ ಮೇಜು ಇತ್ತು, ಅಲ್ಲಿ, ಕಪಾಟಿನ ಪಕ್ಕ, ಈಗ ಆ ಜಾಗದಲ್ಲಿ ಕಾಗದದ ಕಟ್ಟುಗಳು, ಅವುಗಳ ಮೇಲೆ ಧೂಳು, ಧೂಳನ್ನು ನೋಡಬಾರದು, ನಾಣ್ಯ ನೋಡಬೇಕು.

ಕೆಲಸ ಕಲಿಸಿದವಳು ಅವಳೇ. ಗಂಡನ ತಮ್ಮ, ಇಪ್ಪತ್ತೆರಡರ ಹುಡುಗ, ಓದು ತಲೆಗೆ ಹತ್ತಲಿಲ್ಲ, ಕೈ ಮಾತ್ರ ಬಲು ಸೂಕ್ಷ್ಮ — ನೋಡು, ಅಚ್ಚು ಮಾಡುವಾಗಲೇ ಚಿತ್ರವನ್ನು ಎರಡು ಸಲ ಒತ್ತಿ, ಎರಡನೇ ಸಲ ಕೂದಲೆಳೆಯಷ್ಟು ಸರಿದಿದ್ರೆ ಅದು ಜೋಡಿ ಅಚ್ಚು, ಅದರಿಂದ ಹುಟ್ಟಿದ ಪ್ರತಿ ನಾಣ್ಯಕ್ಕೂ ಅದೇ ಮಚ್ಚೆ, ಎರಡನೇ ಗೆರೆಗೂ ಮೈ ಇರುತ್ತೆ, ದುಂಡಗೆ, ಅಂಕಿಯ ಮೂಲೆಯಲ್ಲಿ ಹಾವಿನ ನಾಲಿಗೆ ಥರ ಸೀಳು. ಅದೇ, ನಾಣ್ಯ ಹೊಡೆಯುವ ಗಳಿಗೆಯಲ್ಲಿ ಅಚ್ಚು ಸಡಿಲವಾಗಿ ಅಲುಗಿದ್ರೆ, ಅಂಚು ಜಜ್ಜಿ ಹೋಗಿ ಚಪ್ಪಟೆ ಮೆಟ್ಟಿಲು ಬೀಳುತ್ತೆ, ಅಂಕಿ ದಪ್ಪಗಾಗಲ್ಲ, ಸವೆದು ತೆಳ್ಳಗಾಗುತ್ತೆ, ಅಂಥವು ಬೀದಿಗೆ ನೂರು ಸಿಗುತ್ತವೆ. ಅವನು ಆರು ತಿಂಗಳಲ್ಲಿ ಕಲಿತ. ಹದಿನಾಲ್ಕು ವರ್ಷ ಜೊತೆಗೆ ಕೂತ. ಮೂರು ತಿಂಗಳ ಹಿಂದೆ, ಹೀಗೇ ಒಂದು ಮಧ್ಯಾಹ್ನ, ತಟ್ಟೆಯನ್ನು ಅವಳ ಮುಂದೆ ಸರಿಸಿ ಹೇಳಿದ್ದ, ಅತ್ತಿಗೆ, ಇದು ಅಚ್ಚಿನದಲ್ಲ, ಅಲುಗಿದ್ದು. ಅವಳು ನೋಡಿದಳು. ದುಂಡಗೆ, ತುಂಬಿಕೊಂಡು, ಎರಡು ಒಂಬತ್ತು. ನಿಂಗೆ ಕಣ್ಣು ಕಾಣಲ್ವೇನೋ? ಒಂದು ಸಲ ತಿರುಗಿಸಿ ನೋಡಿ ಅತ್ತಿಗೆ, ನಾಣ್ಯ ತಿರುಗಿಸಿ. ನನಗೇ ಪಾಠ ಹೇಳ್ತೀಯಾ? ಅಷ್ಟೇ ಮಾತು, ಆದರೆ ಬಾಗಿಲು ತೆರೆದಿತ್ತು, ನಿರ್ದೇಶಕರು ಕೇಳಿಸಿಕೊಂಡರು, ಅಸಲಿ ಮಾಲನ್ನು ಬೇಕೆಂದೇ ಕೀಳು ಅಂತಾನೆ, ಯಾರ ಜೊತೆ ಕೈ ಜೋಡಿಸಿದ್ದಾನೋ, ಅಂದರು, ಅವರು ಅವಳ ಮುಖ ನೋಡಿದರು, ಮೈದುನನೂ ಅವಳ ಮುಖ ನೋಡಿದ, ಅವಳು ಪೆನ್ನಿನ ಮುಚ್ಚಳ ಹುಡುಕುತ್ತಿದ್ದಳು, ಮುಚ್ಚಳ ಕೈಯಲ್ಲೇ ಇತ್ತು. ಸಂಜೆ ಅವನು ಮೇಜು ಖಾಲಿ ಮಾಡಿದ. ಮನೆಯ ಮೇಲಿನ ಕೋಣೆಯೂ ವಾರದೊಳಗೆ ಖಾಲಿಯಾಯಿತು, ಓರಗಿತ್ತಿ ಬಟ್ಟೆ ಕಟ್ಟಿ ಕೋಣೆಯ ಕೀಲಿಯನ್ನು ಹೊಸ್ತಿಲ ಮೇಲಿಟ್ಟು ಹೋದಳು, ನಾಲ್ಕು ಬೈದಿದ್ದರೆ ಚೆನ್ನಾಗಿತ್ತು.

ತಿರುಗಿಸಿ ನೋಡಿ. ಇಪ್ಪತ್ತಾರು ವರ್ಷದಲ್ಲಿ ಅವಳು ದೀಪವನ್ನು ಸರಿಸುತ್ತಿದ್ದಳು, ನಾಣ್ಯ ಮೇಜಿನ ಹಿಡಿಕೆಯಲ್ಲಿ ಕಚ್ಚಿಕೊಂಡು ನೆಟ್ಟಗೆ ಕೂತಿರುತ್ತಿತ್ತು, ಅದು ಅವಳ ಪದ್ಧತಿ. ಈಗ ಯಾರೂ ಇಲ್ಲ. ಹಿಡಿಕೆಯ ತಿರುಪು ಸಡಿಲಿಸುತ್ತಾಳೆ, ಕಾಲು ಸುತ್ತು — ಒಂಬತ್ತು ಅಡ್ಡ ಬಿತ್ತು. ಅದರ ಅಂಚಿನಿಂದ ತೆಳ್ಳನೆಯ ಚಪ್ಪಟೆ ಮೆಟ್ಟಿಲೊಂದು, ಹೊಳೆಯುತ್ತ, ಅಂಕಿಯ ಜೊತೆಗೇ ತಿರುಗಿ ಕೆಳಕ್ಕೆ ಬಂತು. ಆದರೆ ದುಂಡನೆಯ ಎರಡನೆಯ ಗೆರೆ ಅಲ್ಲೇ ನಿಂತಿದೆ, ಬಲಕ್ಕೆ, ಮೊದಲು ಇದ್ದ ಕಡೆಯೇ. ಇನ್ನೂ ಕಾಲು ಸುತ್ತು. ಅಂಕಿ ತಲೆಕೆಳಗು, ಮೆಟ್ಟಿಲು ಎಡಕ್ಕೆ, ಗೆರೆ ಬಲಕ್ಕೇ. ಪೂರ್ತಿ ಸುತ್ತು, ಗೆರೆ ಬಲಕ್ಕೇ. ನಾಣ್ಯದಲ್ಲಿ ಇದ್ದದ್ದಾದರೆ ನಾಣ್ಯದ ಜೊತೆ ತಿರುಗಬೇಕಿತ್ತು. ಹಾಗಾದರೆ ಇದು ನಾಣ್ಯದಲ್ಲಿಲ್ಲ. ಬಲಗಣ್ಣು ಉಜ್ಜಿದಳು, ಮತ್ತೆ ನೋಡಿದಳು, ಡ್ರಾಯರಿನಿಂದ ಬೇರೆ ನಾಣ್ಯ, ಯಾವ ದೋಷವೂ ಇಲ್ಲದ್ದು, ಅದರಲ್ಲೂ ರಾಜನ ಮೂಗಿನ ಬಲಕ್ಕೆ ಇನ್ನೊಂದು ಮೂಗು. ಎಡಗಣ್ಣಿಗೆ ಗಾಜು ಹಿಡಿಯಲು ಕೈ ಎತ್ತಿದಳು, ಇಳಿಸಿದಳು. ಬೇಡ. ಆಮೇಲೆ. ಯಾವಾಗಿನಿಂದ ಹೀಗೆ, ಮೂರು ತಿಂಗಳೇ, ಮೂರು ವರ್ಷವೇ, ಕಪಾಟಿನ ತುಂಬ ಅವಳು ಸಹಿ ಹಾಕಿದ ತೀರ್ಪುಗಳ ಪ್ರತಿಗಳು, ಬೆನ್ನಿಗೆ ನೀಲಿ ಪಟ್ಟಿ ಅಂಟಿಸಿ ಸಾಲಾಗಿ ನಿಂತವು, ಯಾರೋ ಗೋಡೆಗೆ ಒರಗಿ ಅವಳನ್ನೇ ದಿಟ್ಟಿಸುತ್ತಿರುವ ಹಾಗೆ.

ಏನ್ ಮೇಡಂ, ಆಯ್ತಾ? ಬಂದಿರೋರು ಕಾಯ್ತಿದ್ದಾರೆ, ನಿರ್ದೇಶಕರು ಮತ್ತೆ ಬಾಗಿಲಲ್ಲಿ. ಇದು ಅಲುಗಿದ್ದು ಸರ್, ಅಚ್ಚಿನದಲ್ಲ, ನಾನು ತಪ್ಪು ಬರೆದೆ. ನಿರ್ದೇಶಕರು ನಕ್ಕರು, ಒಳಗೆ ಬಂದು ಬಾಗಿಲು ಹಾಕಿಕೊಂಡರು, ನಗು ನಿಂತಿತು. ತಮಾಷೆ ಮಾಡಬೇಡಿ. ನನ್ನ ಕಣ್ಣು ಸರಿ ಇಲ್ಲ ಸರ್. ಕಣ್ಣಿನ ವಿಷಯ ನಿಮ್ಮ ನನ್ನ ನಡುವೆ ಇರಲಿ, ಒಂದು ಸಹಿ ಹಾಕಿ, ಆಮೇಲೆ ಎಷ್ಟು ದಿನ ಬೇಕಾದ್ರೂ ರಜೆ ತಗೊಳ್ಳಿ — ಇಷ್ಟು ಮೆತ್ತಗೆ ಅವರು ಎಂದೂ ಮಾತಾಡಿದವರಲ್ಲ, ಆ ಮೆತ್ತನೆಯ ದನಿ ಕತ್ತಿನ ಹಿಂದೆ ತಣ್ಣಗೆ ಹರಿಯಿತು. ಅವಳು ಬರೆದಳು, ಅಕ್ಷರಗಳೂ ಎರಡೆರಡಾಗಿ ಕಾಣುತ್ತಿದ್ದವು, ಹಿಂದಿನ ತೀರ್ಪು ತಪ್ಪು, ಹಿಂಪಡೆದಿದ್ದೇನೆ, ಆ ದಿನ ಸರಿಯಾಗಿ ಹೇಳಿದವನು ನನ್ನ ಸಹಾಯಕ, ಇಬ್ಬರಿಗೂ ಕಾಣುವಂತೆ ಕಾಗದವನ್ನು ಮೇಜಿನ ನಡುವೆ ಇಟ್ಟಳು, ಅಡಿಯ ಕಾರ್ಬನ್ ನಕಲನ್ನು ಚೀಲಕ್ಕೆ ಹಾಕಿ ಹೊರಟಳು.

ಮೆಟ್ಟಿಲು, ಬೀದಿ, ಬಿಸಿಲು, ಎದುರಿಗೆ ಬರುವ ಬಸ್ಸಿನ ಪಕ್ಕ ಬಸ್ಸಿನ ಮಾಸಲು ನೆರಳು, ಯಾವುದರಿಂದ ತಪ್ಪಿಸಿಕೊಳ್ಳಬೇಕು, ನಿಂತಳು, ಯಾರೋ ಬೈದರು, ದಾಟಿದಳು. ಅಂಚೆ ಕಚೇರಿಯ ಗೋಡೆಗೆ ಒತ್ತಿದ ಗೂಡಂಗಡಿ, ಮೈದುನ ಅಲ್ಲಿ ಕೀಲಿ ಮಾಡುತ್ತಾನೆ ಎಂದು ಗಂಡ ಹೇಳಿದ್ದ, ಹೇಳಿ ಎದ್ದು ಹೋಗಿದ್ದ. ಅವನು ತಗ್ಗಿಸಿದ ತಲೆ ಎತ್ತದೆ ಅರದಿಂದ ಕೀಲಿಯ ಹಲ್ಲು ಉಜ್ಜುತ್ತಿದ್ದಾನೆ, ಯಾವ ಬೀಗದ್ದು, ಎಂದ. ಅವಳು ಕಾಗದ ಚಾಚಿದಳು. ಅವನು ಓದಿದ, ಮಡಿಸಿದ, ಅಂಗಿಯ ಜೇಬಿಗೆ ಹಾಕಲಿಲ್ಲ, ಹಲಗೆಯ ಮೇಲಿಟ್ಟ. ಈಗ ಯಾಕೆ ಅತ್ತಿಗೆ? ತಿರುಗಿಸಿ ನೋಡಿದೆ ಕಣೋ. ಅವನ ಮುಖದಲ್ಲಿ ಸಿಟ್ಟು ಬರಬೇಕಿತ್ತು, ಬಂತು, ಆದರೆ ಅರ್ಧಕ್ಕೆ ನಿಂತು ಬೇರೆ ಏನೋ ಆಯಿತು, ಅವಳ ಕಣ್ಣನ್ನೇ ನೋಡತೊಡಗಿದ, ಮೊದಲು ನಾಣ್ಯಗಳನ್ನು ನೋಡುತ್ತಿದ್ದ ಹಾಗೆ. ಎಡಗಣ್ಣು ಮುಚ್ಚಿ. ಮುಚ್ಚಿದಳು. ತೋರುಬೆರಳು ಎತ್ತಿದ, ಉಗುರಿನ ಸಂದಿಯಲ್ಲಿ ಕಪ್ಪು ಲೋಹದ ಪುಡಿ. ಎಷ್ಟು? ಎರಡು, ಅಂದಳು, ಒಂದೇ ಎಂದು ಗೊತ್ತಿದ್ದೂ, ಇನ್ನು ಗೊತ್ತಿದ್ದದ್ದನ್ನು ಹೇಳಬಾರದು, ಕಂಡದ್ದನ್ನೇ ಹೇಳಬೇಕು. ಈಗ ಬಲಗಣ್ಣು ಮುಚ್ಚಿ, ಎಡಗಣ್ಣು ತೆರೀರಿ. ಅಂಗಡಿಯ ತುಂಬ ನೇತಾಡುವ ಕೀಲಿಗಳು ಗಾಳಿಗೆ ತಾಕಿ ಸದ್ದು ಮಾಡುತ್ತಿವೆ, ರೆಪ್ಪೆ ಅಂಟಿಕೊಂಡಿದೆ, ತೆರೀರಿ ಅತ್ತಿಗೆ, ತೆರೆಯುತ್ತಾಳೆ, ಬಿಸಿಲು, ಬೆರಳು, ಬೆರಳಿನ ಕಪ್ಪು ಉಗುರು, ಎಷ್ಟು ಅತ್ತಿಗೆ, ಹೇಳಿ, ಬೆರಳು ಅಲುಗುತ್ತಿಲ್ಲ, ಕಪ್ಪು ಉಗುರು, ಅದರ ಬಲಕ್ಕೆ, ಸ್ವಲ್ಪ ಮಾಸಲಾಗಿ, ದುಂಡಗೆ, ಇನ್ನೊಂದು ಕಪ್ಪು ಉಗುರು