ಕರೆಂಟು ಹೋಗದ ಪೆಟ್ಟಿಗೆ

ನನ್ನ ಬಾಯಿ ಸ್ವಲ್ಪ ಜೋರು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಜೊತೆ ಓದುವ ತಿರುಪತಿ ಎಂಬ ಹುಡುಗ ಗುಜರಿ ಅಂಗಡಿಯಿಂದ ಹಳೇ ನೆಟ್‌ವರ್ಕ್ ಸ್ವಿಚ್ಚೊಂದನ್ನು ಹೊತ್ತು ತಂದಾಗ, "ಕಬ್ಬಿಣದ ವ್ಯಾಪಾರ ಯಾವಾಗಿಂದ?" ಎಂದು ಇಡೀ ಕ್ಲಾಸಿನ ಎದುರು ಕೇಳಿದವಳು ನಾನೇ. ಸ್ವಿಚ್ಚು ಅಂದರೆ ಗೋಡೆಯ ಮೇಲಿನದಲ್ಲ. ಹತ್ತಾರು ಕಂಪ್ಯೂಟರುಗಳ ವೈರು ಬಂದು ಕೂಡುವ, ಸಾಲು ತೂತುಗಳ ಪೆಟ್ಟಿಗೆ. ಎಲ್ಲರೂ ನಕ್ಕರು. ತಿರುಪತಿಯೂ ನಕ್ಕ, ಆದರೆ ಅವನ ಕಿವಿ ಕೆಂಪಾದವು.

ರಾಯಚೂರಿನ ಒಂದು ಕೋಚಿಂಗ್ ಸೆಂಟರಿನಲ್ಲಿ ನಾವಿಬ್ಬರೂ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಪರೀಕ್ಷೆಗೆ ಓದುತ್ತಿದ್ದೆವು. ನನ್ನದು ಲ್ಯಾಪ್‌ಟಾಪು, ಅದರೊಳಗೆ ಸಿಮ್ಯುಲೇಟರ್. ಪೆಟ್ಟಿಗೆಗಳ ಚಿತ್ರ ಎಳೆದು ಹಾಕಿ, ವೈರು ಜೋಡಿಸಿ, ಕಮಾಂಡ್ ಟೈಪ್ ಮಾಡಿದರೆ ನಿಜವಾದ ಪೆಟ್ಟಿಗೆ ಹೇಗೆ ಉತ್ತರಿಸುತ್ತದೋ ಹಾಗೇ ಉತ್ತರಿಸುತ್ತದೆ. ಬೇಕೆಂದರೆ ಐವತ್ತು ಪೆಟ್ಟಿಗೆ ಹಾಕಿಕೊಳ್ಳಬಹುದು. ಪರೀಕ್ಷೆಯೂ ಪರದೆಯ ಮೇಲೇ. ಹೀಗಿರುವಾಗ ಗಿರಣಿಯಂತೆ ಒದರುವ ಆ ತಗಡನ್ನು ಪಕ್ಕದಲ್ಲಿಟ್ಟುಕೊಂಡು ಯಾಕೆ ಓದಬೇಕು?

"ಒಂದ್ಸಲ ಬಂದು ಇದರ ಮ್ಯಾಲೆ ಮಾಡಿ ನೋಡು, ಮಂಜುಳಾ," ಅಂದಿದ್ದ ತಿರುಪತಿ. "ಚಿತ್ರ ಬ್ಯಾರೆ, ಇದು ಬ್ಯಾರೆ."

"ಇದು ಒದರತದ, ಅದು ಒದರಂಗಿಲ್ಲ. ಅಷ್ಟ ಫರಕು," ಅಂದಿದ್ದೆ ನಾನು.

ನಮ್ಮೂರು ದೇವದುರ್ಗ ತಾಲೂಕಿನ ಗೂಗಲ್ ಎಂಬ ಹಳ್ಳಿ. ಅವ್ವ ಅಮರಮ್ಮ ಆರು ವರ್ಷದಿಂದ ಮಾನ್ವಿಯಲ್ಲಿದ್ದಾಳೆ, ಶಂಭುಲಿಂಗಪ್ಪ ಸಾವ್ಕಾರರ ರೈಸ್ ಮಿಲ್ಲಿನಲ್ಲಿ ಭತ್ತ ಹರವುವ ಕೆಲಸ. ಬಿಸಿಲಿಗೆ ಕಾದ ಸಿಮೆಂಟಿನ ಅಂಗಳದ ಮೇಲೆ ಬರಿಗಾಲಲ್ಲಿ ಭತ್ತ ತಿರುವುತ್ತಾ ದಿನವಿಡೀ ನಡೆಯಬೇಕು. ಅಲ್ಲಿ ಹಾಜರಿಗೆ ಹೆಬ್ಬೆಟ್ಟಿನ ಯಂತ್ರ ಬಂದು ವರ್ಷವಾಗಿತ್ತು. ಬೆಳಿಗ್ಗೆ ಎಂಟರೊಳಗೆ ಒತ್ತಬೇಕು. ಎಂಟು ದಾಟಿದರೆ ಹಾಜರಿ ಇಲ್ಲ, ಆ ದಿನ ಕೆಲಸವೂ ಇಲ್ಲ. ಅವ್ವನ ಹೆಬ್ಬೆಟ್ಟು ಭತ್ತದಲ್ಲಿ ಸವೆದು ನುಣ್ಣಗಾಗಿದೆ. ನಾಲ್ಕೈದು ಸಲ ಒತ್ತಿಸದೆ ಯಂತ್ರ ಅವಳನ್ನು ಒಳಗೆ ಬಿಡುವುದಿಲ್ಲ. ಹಿಂದಿನವರಿಗೆ ತಡವಾಗಬಾರದೆಂದು ಅವಳು ದಿನಾ ಸಾಲಿನ ಕೊನೆಗೇ ನಿಲ್ಲುತ್ತಾಳೆ.

ಹೋದ ತಿಂಗಳು ಮಿಲ್ಲಿನ ತುಂಬ ಕ್ಯಾಮೆರಾ ಹಾಕಿಸಿದರು. ಎಲ್ಲದರ ವೈರೂ ಒಂದೇ ಪೆಟ್ಟಿಗೆಗೆ ಬಂದದ್ದರಿಂದ ಹಾಜರಿ ಯಂತ್ರ, ಲಾರಿ ತೂಗುವ ಕಾಟಾ, ಎರಡೂ ನಡುನಡುವೆ ಸ್ತಬ್ಧವಾಗತೊಡಗಿದವು. ಕ್ಯಾಮೆರಾಕ್ಕೆ ಬೇರೆ ದಾರಿ, ಹಾಜರಿಗೆ ಬೇರೆ ದಾರಿ ಮಾಡಿಕೊಡಬೇಕು. ನನ್ನ ಪುಸ್ತಕದಲ್ಲಿ ಅದು ಆರನೇ ಪಾಠ. "ನನ್ನ ಮಗಳು ಇದನ್ನ ಓದಾಕತ್ತ್ಯಾಳ್ರಿ," ಎಂದು ಅವ್ವ ಸಾವ್ಕಾರರ ಮುಂದೆ ನಿಂತು ಹೇಳಿಬಿಟ್ಟಳು. ಸಾವ್ಕಾರರು ಖಡಾಖಡಿ ಮನುಷ್ಯ. ಭಾನುವಾರ ಮಾಡು, ಸೋಮವಾರದ ಹಾಜರಿ ಸುಸೂತ್ರ ನಡೆದರೆ ಮಿಲ್ಲಿನ ನೆಟ್‌ವರ್ಕ್ ಕೆಲಸ ಕಾಯಂ ನಿನಗೆ, ಇಲ್ಲದಿದ್ದರೆ ಹೈದರಾಬಾದಿನವರನ್ನು ಕರೆಸುತ್ತೇನೆ ಅಂದರು.

ನನಗೆ ಆ ಕೆಲಸ ಬೇಕಿತ್ತು. ಸಿಕ್ಕರೆ ಅವ್ವನನ್ನು ಆ ಅಂಗಳದಿಂದ ಎಬ್ಬಿಸಿಕೊಂಡು ರಾಯಚೂರಿಗೆ ಹೋಗಬೇಕೆಂದು ಲೆಕ್ಕ ಹಾಕಿಬಿಟ್ಟಿದ್ದೆ.

ಶನಿವಾರ ತಿರುಪತಿ ಮತ್ತೆ ಬಂದ. "ಮಿಲ್ಲಿನ್ಯಾಗ ಇರೋ ಪೆಟಗಿನೂ ನನ್ನ ಪೆಟಗಿ ಜಾತೀದ. ರೂಮಿಗೆ ಬಂದು ಒಂದು ತಾಸು ಅದರ ಮ್ಯಾಲೆ ಕೈ ಆಡಿಸಿ ಹೋಗು." ನಾನು ಹೋಗಲಿಲ್ಲ. ಅವನನ್ನು ನಗೆಪಾಟಲು ಮಾಡಿದವಳು ಈಗ ಅವನ ರೂಮಿನ ಬಾಗಿಲು ಹೇಗೆ ಬಡಿಯಲಿ? ಸಿಮ್ಯುಲೇಟರಿನಲ್ಲಿ ಇಡೀ ಮಿಲ್ಲನ್ನೇ ಕಟ್ಟಿದೆ. ಎಲ್ಲ ದೀಪವೂ ಹಸಿರು. ಫೈಲು ಸೇವ್ ಮಾಡಿ ಮಲಗಿದೆ.

ಭಾನುವಾರ ಎರಡು ತಾಸಿನಲ್ಲಿ ಕೆಲಸ ಮುಗಿಯಿತು. ಪೆಟ್ಟಿಗೆಯಲ್ಲಿ ದಾರಿ ಬೇರೆ ಮಾಡಿದೆ, ಯಂತ್ರಗಳಿಗೆ ಹೊಸ ವಿಳಾಸ ಕೊಟ್ಟೆ. ಹಾಜರಿ ಓಡಿತು, ಕಾಟಾ ಓಡಿತು. ಸಾವ್ಕಾರರು "ಶಹಬ್ಬಾಸ್" ಅಂದು ಚಹಾ ತರಿಸಿದರು. ಅವ್ವ ದೂರದಲ್ಲಿ ನಿಂತು ನನ್ನ ಕೈಯಲ್ಲಿದ್ದ ಕಪ್ಪು-ಬಸಿಯನ್ನೇ ನೋಡುತ್ತಿದ್ದಳು. ಆ ಮಿಲ್ಲಿನ ಆಫೀಸಿನಲ್ಲಿ ಕೂತು ನಮ್ಮ ಮನೆಯವರು ಚಹಾ ಕುಡಿದದ್ದು ಅದೇ ಮೊದಲು.

ಸೋಮವಾರ ಏಳೂವರೆಗೆ ಹೆಂಗಸರ ಸಾಲು ಸಾಗಿತ್ತು. ನಲವತ್ತು ಮಂದಿಯಲ್ಲಿ ಇಪ್ಪತ್ತೈದು ಜನ ಒಳಗೆ ಹೋಗಿದ್ದರು. ಆಗ ಕರೆಂಟು ಹೋಯಿತು.

ಪಕ್ಕದಲ್ಲೇ ಶಕ್ತಿನಗರದ ವಿದ್ಯುತ್ ಸ್ಥಾವರ ಇಟ್ಟುಕೊಂಡೂ ನಮಗೆ ಕರೆಂಟು ಹೋಗುವುದು ಹೊಸದಲ್ಲ. ಹತ್ತು ಎಣಿಸುವುದರೊಳಗೆ ಜನರೇಟರ್ ಗುಡುಗಿತು. ಪೆಟ್ಟಿಗೆ ಏಳಲು ನಾಲ್ಕು ನಿಮಿಷ ಬೇಕು, ಕಾದೆ. ಎದ್ದಿತು. ಆದರೆ ಹೆಬ್ಬೆಟ್ಟಿನ ಯಂತ್ರ ಮಾತ್ರ "ಸರ್ವರ್ ಸಿಗುತ್ತಿಲ್ಲ" ಎಂದೇ ತೋರಿಸುತ್ತಿತ್ತು. ಹೊರಗೆ ಕಾಟಾದ ಮೇಲೆ ನಿಂತ ಲಾರಿಯವನು ಹಾರ್ನ್ ಹೊಡೆಯತೊಡಗಿದ. ನಾನು ವೈರು ಕಿತ್ತು ಮತ್ತೆ ಸಿಕ್ಕಿಸಿದೆ, ಬೇರೆ ತೂತಿಗೆ ಹಾಕಿದೆ, ಏನೂ ಆಗಲಿಲ್ಲ. ನಾಚಿಕೆ ಬಿಟ್ಟು ತಿರುಪತಿಗೆ ಫೋನ್ ಹಚ್ಚಿದೆ.

ಅವನು ಕೇಳಿದ್ದು ಒಂದೇ ಮಾತು. "ನಿನ್ನಿ ಸೇವ್ ಮಾಡಿದ್ಯೇನು?"

"ಮಾಡೀನಲ್ಲೋ, ಫೈಲ್ ನನ್ನ ಲ್ಯಾಪ್‌ಟಾಪಿನ್ಯಾಗ ಅದ."

"ಲ್ಯಾಪ್‌ಟಾಪಿನ್ಯಾಗಲ್ಲ. ಪೆಟಗಿಯೊಳಗ."

ಹೇಳಿದ್ದನ್ನು ಪೆಟ್ಟಿಗೆ ಮಾಡುತ್ತದೆ, ಆದರೆ ಕರೆಂಟು ಹೋದರೆ ಮರೆಯುತ್ತದೆ. ಮರೆಯದಿರು ಅಂತ ಅದಕ್ಕೆ ಬೇರೆಯಾಗಿ ಕಮಾಂಡ್ ಕೊಡಬೇಕು. ಪುಸ್ತಕದಲ್ಲಿ ಇದು ಮೊದಲನೇ ವಾರದ ಪಾಠ. ಪರೀಕ್ಷೆಯಲ್ಲಿ ಕೇಳಿದರೆ ನಿದ್ದೆಗಣ್ಣಲ್ಲೂ ಉತ್ತರ ಬರೆಯುತ್ತೇನೆ. ಆದರೆ ಸಿಮ್ಯುಲೇಟರಿನಲ್ಲಿ ಫೈಲು ಸೇವ್ ಮಾಡಿದರೆ ಎಲ್ಲ ಹಾಗೇ ಉಳಿಯುತ್ತಿತ್ತು. ರೂಮಿನಲ್ಲಿ ಎಷ್ಟು ಸಲ ಕರೆಂಟು ಹೋದರೂ ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತು. ಎಂಟು ತಿಂಗಳಲ್ಲಿ ನನ್ನ ಪೆಟ್ಟಿಗೆಗಳಿಗೆ ಒಂದು ಸಲವೂ ಕರೆಂಟು ಹೋಗಿರಲಿಲ್ಲ.

ಏಳು ನಲವತ್ತು. ಲ್ಯಾಪ್‌ಟಾಪನ್ನು ಪೆಟ್ಟಿಗೆಗೆ ಜೋಡಿಸಿದೆ. ಶನಿವಾರ ಕಟ್ಟಿದ ಚಿತ್ರದ ಮಿಲ್ಲು ಅದರಲ್ಲಿ ಇದ್ದೇ ಇತ್ತು, ಪುಣ್ಯ. ಅದನ್ನು ನೋಡುತ್ತಾ ಒಂದೊಂದೇ ಸಾಲು ಹೊಡೆದೆ. ಬೆರಳು ತಪ್ಪುತ್ತಿತ್ತು, ಅಳಿಸಿ ಮತ್ತೆ ಹೊಡೆದೆ. ಹಿಂದಿನಿಂದ ಮಿಲ್ಲಿನ ಲೆಕ್ಕ ಬರೆಯುವ ಮುನೀಮ "ಏನಾತವಾ, ಏನಾತವಾ" ಅನ್ನುತ್ತಲೇ ಇದ್ದ. ಕಿಟಕಿಯಲ್ಲಿ ಹದಿನೈದು ಹೆಂಗಸರ ಮುಖ, ಎಲ್ಲರ ಹಿಂದೆ ಅವ್ವ. ಅವಳು ಮಾತ್ರ ನನ್ನನ್ನು ನೋಡದೆ ನೆಲ ನೋಡುತ್ತಿದ್ದಳು.

ಏಳು ಐವತ್ತೈದಕ್ಕೆ ಯಂತ್ರ ಜೀವ ಹಿಡಿಯಿತು. ಈ ಸಲ ಪೆಟ್ಟಿಗೆಯೊಳಗೆ ಸೇವ್ ಮಾಡಿದೆ, ಎರಡೆರಡು ಸಲ. ಸಾಲು ಓಡಿತು. ಹದಿನಾಲ್ಕು ಮಂದಿ ದಾಟಿದರು. ಅವ್ವ ಸೆರಗಿಗೆ ಹೆಬ್ಬೆಟ್ಟು ಒರೆಸಿ ಒತ್ತಿದಳು. "ಮತ್ತೆ ಪ್ರಯತ್ನಿಸಿ," ಅಂದಿತು ಯಂತ್ರ. ಮತ್ತೆ ಒತ್ತಿದಳು. ಮತ್ತೆ ಅದೇ. ಮೂರನೆಯದಕ್ಕೆ ಬೆರಳು ಇಡುವಷ್ಟರಲ್ಲಿ ಎಂಟಾಯಿತು, ಯಂತ್ರ ಬಾಗಿಲು ಹಾಕಿಕೊಂಡಿತು.

ಶಂಭುಲಿಂಗಪ್ಪ ಸಾವ್ಕಾರರು ಆಗಲೇ ಬಂದು ನಿಂತಿದ್ದರು. "ಕರೆಂಟಿನ ಹಾವಳಿ, ನಿಂದೇನೂ ಇಲ್ಲವಾ. ಲಗೂನ ಸರಿ ಮಾಡಿದಿ. ಕೆಲಸ ನಿಂದ," ಅಂದರು. ಆಮೇಲೆ ಅವ್ವನ ಕಡೆ ತಿರುಗಿ, "ನಿಂದು ದಿನಾ ಇದ ರಗಳಿ, ಅಮರಮ್ಮ. ಇವತ್ತ ಮನಿಗೆ ಹೋಗು."

"ಹೌದ್ರಿ ಸಾವ್ಕಾರ್ರ, ನಂದ ಹೆಬ್ಬಟ್ಟು ಸವದದ," ಅಂದಳು ಅವ್ವ. ಅನ್ನುತ್ತಲೇ ನನ್ನತ್ತ ಕಣ್ಣು ಬಿಟ್ಟಳು. ಬಾಯಿ ಮುಚ್ಚಿಕೊಂಡಿರು ಅಂತ.

ನಾನು ಮುಚ್ಚಿಕೊಂಡೇ ಇದ್ದೆ, ಒಂದು ಕ್ಷಣ. ಕೆಲಸ ಸಿಕ್ಕಿತ್ತಲ್ಲ. ಅವ್ವ ಬುತ್ತಿ ಗಂಟು ಎತ್ತಿಕೊಂಡು ಗೇಟಿನ ಕಡೆ ನಾಲ್ಕು ಹೆಜ್ಜೆ ಹಾಕಿದಳು. ತಪ್ಪು ಮಾಡಿದವಳು ನೆರಳಿನಲ್ಲಿ, ಮಾಡದವಳು ಗೇಟಿನ ಹೊರಗೆ! ನನಗೆ ನನ್ನ ಮೇಲೇ ಎಂಥ ಸಿಟ್ಟು ಬಂತೆಂದರೆ ಕಣ್ಣು ಮಂಜಾದವು.

"ಸಾವ್ಕಾರ್ರ, ಕರೆಂಟಿಂದಲ್ರಿ. ತಪ್ಪು ನಂದು. ಕರೆಂಟು ಹೋದ್ರೂ ನೆನಪಿಟ್ಟುಕೋ ಅಂತ ಪೆಟಗಿಗಿ ಹೇಳಬೇಕಿತ್ರಿ. ನಿನ್ನಿ ಹೇಳಿದ್ದಿಲ್ಲ. ಅರ್ಧ ತಾಸು ನಾ ತಿಂದೀನಿ. ಅದು ಇದ್ದಿದ್ರ ನಮ್ಮವ್ವ ಹತ್ತು ಸಲ ಒತ್ತತಿದ್ಲು."

ಅವ್ವ ಹಣೆ ಚಚ್ಚಿಕೊಂಡಳು. ಸಾವ್ಕಾರರು ಪೆಟ್ಟಿಗೆಯತ್ತ ಬೆರಳು ತೋರಿಸಿದರು.

"ಈಗ ಹೇಳಿಯೇನು?"

"ಹೇಳೀನ್ರಿ."

"ಹೆಂಗ ನಂಬೂದು?"

"ಕರೆಂಟು ತಗದು ನೋಡ್ರಿ," ಅಂದಿತು ನನ್ನ ಬಾಯಿ, ನನ್ನನ್ನು ಕೇಳದೆ.

ಅವರು ನಿಜಕ್ಕೂ ತೆಗೆಸಿದರು. ಜನರೇಟರ್ ನಿಂತಿತು, ಪೆಟ್ಟಿಗೆ ಕಪ್ಪಾಯಿತು. ಮತ್ತೆ ಜನರೇಟರ್ ಗುಡುಗಿದಾಗ ಪೆಟ್ಟಿಗೆಯ ಫ್ಯಾನು ಒದರತೊಡಗಿತು. ನಾಲ್ಕು ನಿಮಿಷ. ಸಿಮ್ಯುಲೇಟರಿನಲ್ಲಿ ಕಾಲವನ್ನು ಮುಂದಕ್ಕೆ ಓಡಿಸುವ ಒಂದು ಬಟನ್ ಇದೆ, ಅದನ್ನು ದಿನಾ ಒತ್ತುತ್ತಿದ್ದೆ. ಇಲ್ಲಿ ಮಿಣುಕುವ ಒಂದು ಹಳದಿ ದೀಪ ಮಾತ್ರ. ನಿಜವಾದ ಪೆಟ್ಟಿಗೆ ಕರೆಂಟು ಹೋಗಿ ಬಂದಮೇಲೆ ಹೇಳಿದ್ದನ್ನು ನೆನಪಿಟ್ಟುಕೊಂಡದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಇಟ್ಟುಕೊಳ್ಳದಿದ್ದರೆ? ಮುಖದಿಂದ ಬೆವರು ಹನಿಹನಿಯಾಗಿ ಕೀಬೋರ್ಡಿನ ಮೇಲೆ ಬೀಳುತ್ತಿತ್ತು.

ಅವ್ವ ಯಾವಾಗ ಒಳಗೆ ಬಂದಳೋ ಗೊತ್ತಾಗಲಿಲ್ಲ. ಆಫೀಸಿನೊಳಗೆ ಅವಳು ಕಾಲಿಟ್ಟಿದ್ದು ಅದೇ ಮೊದಲು. ಪಕ್ಕದಲ್ಲಿ ಕೂತು ಬರಿಗೈಯಿಂದ ನನ್ನ ಹಣೆ, ಕೆನ್ನೆ, ಕುತ್ತಿಗೆ ಒರೆಸಿದಳು. ಮತ್ತೆ ಬೆವರು ಬಂತು, ಮತ್ತೆ ಒರೆಸಿದಳು.

"ನೀ ಓದೂದು ಇದನ್ನೇನ?" ಎಂದು ಪೆಟ್ಟಿಗೆ ನೋಡಿ ಪಿಸುಗುಟ್ಟಿದಳು.

"ಹೂಂ, ಯವ್ವಾ."

"ಇಷ್ಟ ಸಣ್ಣದು?"

ಒಂದು ದೀಪ ಹಸಿರಾಯಿತು. ಇನ್ನೊಂದು. ಆಮೇಲೆ ಇಡೀ ಸಾಲು. ಕಾಟಾದ ಪರದೆಯ ಮೇಲೆ ಲಾರಿಯ ತೂಕ ಮೂಡಿತು. ಸಾವ್ಕಾರರು ಅದನ್ನೂ ನನ್ನನ್ನೂ ಒಮ್ಮೆ ನೋಡಿ, "ಒಂದನೇ ತಾರೀಕಿಂದ ಬಾರವಾ," ಅಂದರು. ಮುನೀಮನಿಗೆ ಹಾಜರಿಯ ಗಡುವು ಅರ್ಧ ತಾಸು ಮುಂದಕ್ಕೆ ಹಾಕಲು ಹೇಳಿ, "ಅಮರಮ್ಮ, ಒತ್ತು," ಎಂದರು.

ಅವ್ವ ಎದ್ದು ಹೋಗಿ ಯಂತ್ರದ ಮುಂದೆ ನಿಂತಳು. ನಾಲ್ಕೈದು ಸಲ ಒತ್ತಲು ತಯಾರಾಗಿಯೇ ಬೆರಳಿಟ್ಟಳು. ಯಂತ್ರ ಒಂದೇ ಸಲಕ್ಕೆ "ಧನ್ಯವಾದಗಳು" ಅಂದಿತು.

ಅವಳಿಗೆ ನಂಬಿಕೆ ಬರಲಿಲ್ಲ. ಹೆಬ್ಬೆಟ್ಟನ್ನು ಕಣ್ಣ ಹತ್ತಿರ ಹಿಡಿದು ಹೊರಳಿಸಿ ನೋಡಿದಳು. ಒಣಗಿದ ಬೆರಳಿಗಿಂತ ತುಸು ಒದ್ದೆ ಬೆರಳನ್ನು ಅಂಥ ಯಂತ್ರ ಬೇಗ ಗುರುತಿಸುತ್ತದೆ ಎಂದು ಎಲ್ಲೋ ಓದಿದ್ದು ನನಗೆ ಆಗ ನೆನಪಾಯಿತು. ಅವಳ ಬೆರಳು ನನ್ನ ಬೆವರಿನಿಂದ ಇನ್ನೂ ಒದ್ದೆಯಾಗಿತ್ತು.