ಸ್ಪೀಕರಿನ ಹೊಟ್ಟೆಗೆ ಹಿಂಜಿದ ಅರಳೆ

ಗುರುರಾಜರಾಯರ ಸ್ಟೀರಿಯೋ ಸೆಟ್ಟು ಬೊಂಬಾಯಿಯದು, ಅದರ ಸ್ಪೀಕರಿನ ಪೆಟ್ಟಿಗೆಗಳು ಇಲ್ಲೇ ಆದವಾನಿಯವು. ಬೊಂಬಾಯಿಯ ಗೆಳೆಯರು ರೈಲಿನಲ್ಲಿ ಕಳಿಸಿದ್ದು ಟೇಪಿನ ಯಂತ್ರ ಮತ್ತು ಎರಡು ದುಂಡನೆಯ ಸ್ಪೀಕರು ಮಾತ್ರ. ಅವನ್ನು ಕೂರಿಸಲು ಬಡಗಿ ಓಬಳೇಶ ಎರಡು ಪೆಟ್ಟಿಗೆ ಮಾಡಿಕೊಟ್ಟ. ಆ ತನಕ ಬಾಗಿಲು ಮತ್ತು ತೊಟ್ಟಿಲು ಬಿಟ್ಟು ಬೇರೇನೂ ಮಾಡಿದವನಲ್ಲವಾದ್ದರಿಂದ ಪೆಟ್ಟಿಗೆಗಳ ಬೆನ್ನಿಗೂ ಒಂದೊಂದು ಪುಟ್ಟ ಬಾಗಿಲಿಟ್ಟು, ಚಿಲಕ ಹಾಕಿದ್ದ.

ನೋಡಲು ಭದ್ರವಾಗಿದ್ದವು. ಹಾಡಿದರೆ ಮಾತ್ರ ತಗಡಿನ ಮೇಲೆ ಸಾಸಿವೆ ಚೆಲ್ಲಿದ ಹಾಗೆ. ಆಫೀಸಿನವರನ್ನು ಕರೆದು ಕೇಳಿಸಿದ ದಿನ ಒಬ್ಬರು ಉಪ್ಪಿಟ್ಟು ತಿನ್ನುತ್ತಾ, "ರಾಯರೆ, ಸ್ಟೇಷನ್ ಮೈಕಿನ್ಯಾಗ ಯಾವ ಗಾಡಿ ಎಷ್ಟು ಲೇಟಂತ?" ಎಂದು ಕೇಳಿದ್ದರು. ರಾಯರಿಗೆ ಅಂದಿನಿಂದ ಆ ಸೆಟ್ಟು ಕಣ್ಣಿಗೆ ಬಿದ್ದರೇ ಆಗುತ್ತಿರಲಿಲ್ಲ.

ಮಂಗಳವಾರ ಊಟಕ್ಕೆ ಕೂತಾಗ ಹೇಳಿದರು. "ಬಸ್‌ಸ್ಟ್ಯಾಂಡಿನ ಹೋಟೆಲಿನ ಜಂಬಪ್ಪ ಕೇಳ್ಯಾನ. ಐತ್ವಾರ ಬರ್ತಾನಂತ. ಕೊಟ್ಟುಬಿಡೋಣ. ಹ್ಯಾಂಗೂ ಮನ್ಯಾಗ ಯಾರೂ ಕೇಳೋದಿಲ್ಲ."

"ಹ್ಞೂಂ," ಎಂದು ಹೆಂಡತಿ ಸಕ್ಕೂಬಾಯಿ ಸಾರು ಬಡಿಸಿದಳು. ಸಾರು ಎಲೆ ದಾಟಿ ಹರಿಯಿತು.

ಮನೆಯಲ್ಲಿ ಒಬ್ಬರು ಕೇಳುತ್ತಿದ್ದರು. ಮಧ್ಯಾಹ್ನ ಅತ್ತೆ ತುಂಗಾಬಾಯಿ ಮಲಗಿದ ಮೇಲೆ, ಪಾತ್ರೆಗಳು ಬೋರಲು ಬಿದ್ದ ಮೇಲೆ, ಸಕ್ಕೂಬಾಯಿ ವೀಣೆಯ ಕ್ಯಾಸೆಟ್ಟು ಸಣ್ಣದಾಗಿ ಹಚ್ಚಿ, ಗಂಡನ ಬೆತ್ತದ ಕುರ್ಚಿಯಲ್ಲಿ ಕೂತು ಕಾಲು ಮೇಲಿಟ್ಟುಕೊಳ್ಳುತ್ತಿದ್ದಳು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಆಕೆ ಕೂತಿದ್ದೆಲ್ಲ ಏನಾದರೂ ಹೆಚ್ಚಲಿಕ್ಕೆ, ಆರಿಸಲಿಕ್ಕೆ, ಕಟ್ಟಲಿಕ್ಕೆ. ಕೈಯಲ್ಲಿ ಏನೂ ಇಲ್ಲದೆ ಕೂತದ್ದು ಇದೇ ಮೊದಲು. ಅದು ಭಕ್ತಿಯೂ ಅಲ್ಲ, ವಿಶ್ರಾಂತಿಯೂ ಅಲ್ಲ. ಅದಕ್ಕೊಂದು ಹೆಸರು ಇಲ್ಲದ್ದರಿಂದಲೇ ಯಾರಿಗೂ ಹೇಳಿರಲಿಲ್ಲ. ಎದ್ದ ಮೇಲೆ ಕುರ್ಚಿಯನ್ನು ಮೊದಲಿದ್ದ ಮುಖಕ್ಕೇ ತಿರುಗಿಸಿಡುತ್ತಿದ್ದಳು, ಕದ್ದವರ ಹಾಗೆ.

ದನಿ ಸುಧಾರಿಸಿದರೆ ಅವರು ಮಾರಲಿಕ್ಕಿಲ್ಲ ಎಂದು ಲೆಕ್ಕ ಹಾಕಿದಳು. ಹೇಗೆ ಸುಧಾರಿಸುವುದೋ ತಿಳಿಯಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ ನೋಡಿದಳು. ಬರೀ ಕಡಪಾ ಕಲ್ಲಿನ ನೆಲದ ಮೇಲೆ ಜಮಖಾನೆ ಹಾಸಿದಳು. ಅದರಿಂದ ಸಾಸಿವೆ ಸ್ವಲ್ಪ ಮೆತ್ತಗೆ ಚೆಲ್ಲಿತು, ಅಷ್ಟೆ.

ಗುರುವಾರ ಗಾದಿಗಳ ಅರಳೆ ಹಿಂಜಲು ಪಿಂಜಾರರ ದಸ್ತಗಿರಮ್ಮ ಬಂದಳು. ಹಿತ್ತಲಲ್ಲಿ ಬಿಲ್ಲು ಮಿಡಿಯುತ್ತಿದ್ದವಳು ಟೇಪು ಕೇಳಿ ಎದ್ದು ಬಂದು, ಬೆರಳ ಗೆಣ್ಣಿನಿಂದ ಪೆಟ್ಟಿಗೆ ಬಡಿದು ನೋಡಿದಳು.

"ಹೊಟ್ಟಿ ಖಾಲಿ ಐತಲ್ರಿ ಅಮ್ಮಾರೆ. ದನಿ ಒಳಗ ಗ್ವಾಡಿಗೆ ಬಡಕೊಂಡು ವಾಪಸ್ ಬರಾಕತ್ತೈತಿ."

"ನಿನಗ ಹ್ಯಾಂಗ ಗೊತ್ತಾತ?"

"ನಲವತ್ತು ವರ್ಷ ಬಿಲ್ಲು ಬಡದೀನಿ. ಖಾಲಿ ಮನ್ಯಾಗ ಅದರ ದನಿ ಬ್ಯಾರೆ, ಅರಳಿ ತುಂಬಿದ ಮನ್ಯಾಗ ಬ್ಯಾರೆ. ಬರ್ರಿ, ತುಂಬೂಣು."

ಅರಳೆ ರಾಯರ ಗಾದಿಯದೇ ಬಿಚ್ಚಿ ಬಿದ್ದಿತ್ತು. ದಸ್ತಗಿರಮ್ಮ ಪೆಟ್ಟಿಗೆಗಳನ್ನು ಬೋರಲು ಹಾಕಿ, ಚಿಲಕ ತೆಗೆದು, ತನ್ನ ಕಸುಬಿನ ಮರ್ಯಾದೆಗೆ ತಕ್ಕಂತೆ ತುಂಬಿದಳು. ಮೂಲೆಮೂಲೆಗೆ ಮುಷ್ಟಿಯಿಂದ ಒತ್ತಿ, ಕೋಲಿನಿಂದ ತಿವಿದು, ಎಲ್ಲಿಯೂ ಪೊಳ್ಳು ಉಳಿಯದಂತೆ ಜಡಿದಳು. ಬಾಗಿಲು ಮುಚ್ಚದಿದ್ದಾಗ ಮೇಲೆ ಮೊಣಕಾಲೂರಿ ಚಿಲಕ ಹಾಕಿದಳು. "ಮೂವತ್ತು ವರ್ಷ ಕದಲಂಗಿಲ್ಲ," ಎಂದಳು.

ಸಕ್ಕೂಬಾಯಿ ಟೇಪು ಹಚ್ಚಿದಳು. ನಾಲ್ಕು ಕಂಬಳಿ ಹೊದ್ದು ಯಾರೋ ನರಳಿದಂತಾಯಿತು.

ಒಳಗಿನಿಂದ ತುಂಗಾಬಾಯಿ ಕೇಳಿದರು. "ಸಕ್ಕೂ, ಯಾರಿಗ ಉಬ್ಬಸ ಬಂದದ?"

"ಯಾರಿಗೂ ಇಲ್ಲತ್ತಿ. ಟೇಪು."

"ಶುಂಠಿ ಕಷಾಯ ಕೊಡು ಅದಕ್ಕ," ಎಂದು ಮಗ್ಗುಲಾದರು.

ಸಕ್ಕೂಬಾಯಿ ನೆಲದ ಮೇಲೆ ಕೂತು ಯೋಚಿಸಿದಳು. "ದಸ್ತಗಿರಮ್ಮ, ಗಾದಿ ಮ್ಯಾಲೆ ಮನಷಾ ಮಲಗ್ತಾನ, ಅದಕ್ಕ ಗಟ್ಟಿ ಬೇಕು. ದನಿ ಇದರಾಗ ಮಲಗಬಾರದಲ್ಲ, ಓಡ್ಯಾಡಬೇಕು."

ದಸ್ತಗಿರಮ್ಮನಿಗೆ ಕೊಂಚ ಅವಮಾನವಾಯಿತಾದರೂ ಮಾತು ಹಿಡಿಸಿತು. ಎಲ್ಲ ಹೊರಗೆಳೆದು, ಮತ್ತೊಮ್ಮೆ ನವಿರಾಗಿ ಹಿಂಜಿ, ಹಿಡಿ ಹಿಡಿಯಾಗಿ ಸಡಿಲವಾಗಿ ಬಿಡುತ್ತಾ ಬಂದಳು. ಒಂದು ಹಿಡಿಗೆ ಒಮ್ಮೆ ಟೇಪು ಹಚ್ಚುವುದು, ಇಬ್ಬರೂ ಕಿವಿ ಕೊಡುವುದು. ಒಂಬತ್ತನೆಯ ಹಿಡಿಗೆ ವೀಣೆಯ ದಪ್ಪ ತಂತಿ, ಇಷ್ಟು ದಿನ ಇದೆಯೆಂದೇ ಗೊತ್ತಿರದ ತಂತಿ, ಹಂಡೆಯ ಬಿಸಿನೀರಿನಂತೆ ಕೋಣೆಯ ತುಂಬ ಹರಡಿತು. ದಸ್ತಗಿರಮ್ಮ ತಲೆಯ ಸೆರಗು ಸರಿಮಾಡಿಕೊಂಡಳು.

ಮರುದಿನ ರಾಯರು ಬೆನ್ನು ಹಿಡಿದುಕೊಂಡೇ ಎದ್ದರು. "ಗಾದಿ ಯಾಕೋ ಬಡಕಲಾಗ್ಯದಲ್ಲ?"

"ಹಿಂಜಿದ ಹೊಸದರಾಗ ಹಂಗಽ ಇರ್ತದಂತ್ರಿ. ಆಮ್ಯಾಲೆ ಉಬ್ಬತದಂತ," ಎಂದು ಸಕ್ಕೂಬಾಯಿ ಅಷ್ಟು ಸಲೀಸಾಗಿ ಹೇಳಿದ್ದಕ್ಕೆ ತಾನೇ ಬೆರಗಾದಳು.

ಶನಿವಾರ ಸಂಜೆ ಗಂಡನನ್ನು ಕೂರಿಸಿ ಟೇಪು ಹಚ್ಚಿದಳು. ರಾಯರು ಕಣ್ಣು ಮುಚ್ಚಿದರು. ಬೆರಳು ತಾಳ ಹಾಕಿತು. ಸಕ್ಕೂಬಾಯಿ ಬಾಗಿಲ ಚೌಕಟ್ಟು ಹಿಡಿದು ಕಾದಳು.

"ಪಳಗಿದಾವ ನೋಡು. ನಾಲ್ಕು ತಿಂಗಳು ಬೇಕು ಅಂತ ನಾ ಮೊದಲಽ ಹೇಳಿರಲಿಲ್ಲೇನು?" ಅವರು ಹೇಳಿರಲಿಲ್ಲ. "ನಾಳೆ ಜಂಬಪ್ಪ ಎರಡನೇ ಮಾತಾಡದ ಒಯ್ತಾನ."

ಸಕ್ಕೂಬಾಯಿ ಚೌಕಟ್ಟು ಬಿಟ್ಟಳು. ಮಾರಬಾರದೆಂದು ಮೈ ತುಂಬಿಸಿದ್ದು ಮಾರಲಿಕ್ಕೇ ಆಯಿತು.

ಭಾನುವಾರ ಬೆಳಿಗ್ಗೆ ಯಾರೂ ಇಲ್ಲದ್ದು ನೋಡಿ ಒಂದು ಪೆಟ್ಟಿಗೆಯ ಚಿಲಕ ತೆಗೆದಳು. ಅರಳೆ ಕಿತ್ತರೆ ಮತ್ತೆ ತಗಡು. ಜಂಬಪ್ಪ ಬೇಡವೆಂದರೂ ಅನ್ನಬಹುದು. ಕೈ ಒಳಗೆ ಹೋಯಿತು, ಅಲ್ಲೇ ನಿಂತಿತು. ತಾನು ಕಿವಿಯಿಂದ ಅಳೆದಳೆದು ಇಡಿಸಿದ ಒಂಬತ್ತು ಹಿಡಿ. ಕೆಡಿಸಿ ಉಳಿಸಿಕೊಂಡರೆ ಉಳಿಯುವುದೇನು? ಚಿಲಕ ಹಾಕಿ ಎದ್ದು ಒಲೆ ಹಚ್ಚಿದಳು.

ಜಂಬಪ್ಪ ಬಂದ. ಕಾಫಿ ಕುಡಿಯುತ್ತಾ ಎರಡು ಕೀರ್ತನೆ ಪೂರಾ ಕೇಳಿದ. ಮುಖ ಇಳಿಯುತ್ತಾ ಹೋಯಿತು.

"ಇದಿ ನಾಕು ಪನಿಕಿರಾದು ರಾಯ್ರೆ. ನಮ್ಮ ಹೋಟ್ಲಿಗೆ ಕೆಲಸಕ್ಕ ಬರಂಗಿಲ್ಲ."

"ಯಾಕೋ? ಇಷ್ಟು ಛಲೋ ದನಿ."

"ಛಲೋ ಐತಿ, ಅದಽ ತೊಂದ್ರಿ. ಎಮ್ಮಿಗನೂರು ಬಸ್ಸಿನ ಹಾರನ್ನಿನ ಮುಂದ ಇದು ಕೇಳ್ತದೇನ್ರಿ? ಆವತ್ತು ಸೈಕಲ್ ಮ್ಯಾಲೆ ನಿಮ್ಮ ಮನಿ ಮುಂದ ಹೊಂಟಿದ್ದೆ. ಕಿವ್ಯಾಗ ಸೂಜಿ ಹಾಕ್ದಂಗ ಬಂತು. ಅದನ್ನ ಕೇಳಿ ಆಸಿಪಟ್ಟು ಬಂದೀನಿ. ಆ ದನಿ ಏನು ಮಾಡಿದ್ರಿ?"

"ಮತ್ತ ಬರ್ತದ, ನಿಲ್ಲು, ಒಳಗೇನಾಗ್ಯದ ನೋಡ್ತೀನಿ," ಎಂದು ರಾಯರು ಪೆಟ್ಟಿಗೆ ತಿರುಗಿಸಿ ಚಿಲಕ ತೆಗೆದರು. ಒಂದು ಹಿಡಿ ಅರಳೆ ಕೈಗೆ ಬಂತು. ಅದನ್ನು ನೋಡಿದರು, ಬೆನ್ನು ಮುಟ್ಟಿಕೊಂಡರು. "ಇದು ನನ್ನ ಗಾದೀದು."

"ತಗೀಬ್ಯಾಡ್ರಿ," ಎಂದಳು ಸಕ್ಕೂಬಾಯಿ.

ಹೊರಗಿನವರ ಮುಂದೆ ಆಕೆ ಮಾತಾಡಿದ್ದು ರಾಯರಿಗೆ ನೆನಪಿರಲಿಲ್ಲ. "ಇದನ್ನ ತಗದ್ರ ಇವ ಒಯ್ತಾನಽ..."

"ಅದಕ್ಕಽ ಬ್ಯಾಡ ಅಂದೆ. ನಾ ಕೇಳ್ತೀನಿ."

"ಏನು ಕೇಳ್ತಿ?"

"ಟೇಪು. ದಿನಾ ಮಧ್ಯಾಹ್ನ, ನಿಮ್ಮ ಕುರ್ಚ್ಯಾಗ ಕೂತು. ಕೆಲಸ ಇಲ್ಲದ."

ಹೇಳಿಯಾಯಿತು. ಮನೆ ಬಿದ್ದುಹೋಗಲಿಲ್ಲ. ಒಳಗೆ ತುಂಗಾಬಾಯಿ ಕೆಮ್ಮಿದರು, ಬರೀ ಕೆಮ್ಮಿದರು. ಜಂಬಪ್ಪ ಲೋಟ ಕೆಳಗಿಟ್ಟು, "ಮನ್ಯಾಗ ಕೇಳೋರು ಇದ್ರ ನನಗ ಬ್ಯಾಡ್ರಿ, ಪಾಪ ಹತ್ತತೈತಿ," ಎಂದು ಚಪ್ಪಲಿ ಹುಡುಕತೊಡಗಿದ.

ಅವನು ಹೋದ ಮೇಲೂ ರಾಯರು ಅರಳೆ ಹಿಡಿದೇ ಕೂತಿದ್ದರು. ಅದನ್ನು ಅಂಗೈಯಲ್ಲಿ ತೋರಿಸಿ ಕೇಳಿದರು, "ಇದನ್ನೇನು ಮಾಡ್ಲಿ?"

"ಒಳಗಿಡ್ರಿ. ಒತ್ತಬ್ಯಾಡ್ರಿ."

ಅವರು ಬಗ್ಗಿ ನಿಧಾನವಾಗಿ ಇಟ್ಟರು. ಸಕ್ಕೂಬಾಯಿ ಪಕ್ಕದಲ್ಲಿ ಕೂತು ನೋಡುತ್ತಿದ್ದಳು.

"ಇನ್ನೂ ಹಗೂರಕ," ಎಂದಳು.