ಹಿರೇ ಅತ್ತೆಯ ತಂಗಿಗೊಂದು ಹೆಸರು

ಐದು ವರ್ಷದವಳಿದ್ದಾಗಲೇ ನಾನು ನಮ್ಮ ಮನೆಗೆ ಅತ್ತೆಯಾಗಿದ್ದೆ. ಇದು ಬಡಾಯಿಯಲ್ಲ, ಊರಿಗೆ ಊರೇ ಬಲ್ಲ ಮಾತು. ಅಪ್ಪನ ಅಜ್ಜಿ ಉಡಚಮ್ಮ ತೀರಿಕೊಂಡಿದ್ದಳು, ಆಕೆಯ ಹೆಸರನ್ನು ನನಗೆ ಇಟ್ಟಿದ್ದರು. ಆಕೆ ನಮ್ಮಜ್ಜಿ ಸುಂಕಲಮ್ಮನಿಗೆ ಸ್ವಂತ ಅತ್ತೆ, ನಮ್ಮವ್ವ ಗುರುಲಿಂಗಮ್ಮನಿಗೆ ಅತ್ತೆಯ ಅತ್ತೆ. ಗಂಡನ ಹೆಸರನ್ನಾಗಲಿ, ಅವನ ಮನೆಯ ಹಿರಿಯರ ಹೆಸರನ್ನಾಗಲಿ ಸೊಸೆಯಾದವಳು ಬಾಯಿಗೆ ತರಬಾರದೆಂಬುದು ನಮ್ಮ ಕುಷ್ಟಗಿ ಕಡೆಯ ರೂಢಿ. ಹೀಗಾಗಿ ಮನೆಯ ಇಬ್ಬರು ಹೆಂಗಸರೂ ನನ್ನನ್ನು ಹೆಸರು ಹಿಡಿದು ಕರೆಯುವಂತಿರಲಿಲ್ಲ. ಹೊಡೆಯುವುದಂತೂ ದೂರದ ಮಾತು.

"ಅತ್ತಿಯಾರ, ಮೂಗು ಒರಿಸ್ಕೊಳ್ರಿ" ಎಂದು ಅಜ್ಜಿ ತಲೆಯ ಮೇಲೆ ಸೆರಗು ಹೊದ್ದು ಹೇಳುತ್ತಿದ್ದಳು. ಅವ್ವನಿಗೆ ನಾನು ಹಿರೇ ಅತ್ತೆ. ಮನಸ್ಸು ಬಂದರೆ ಒರೆಸಿಕೊಳ್ಳುತ್ತಿದ್ದೆ, ಇಲ್ಲದಿದ್ದರೆ ಇಲ್ಲ. ನಾನು ಓಣಿಯ ಆಚೆ ಆಡುತ್ತಿದ್ದರೆ ಅವ್ವ ಪಕ್ಕದ ಮನೆಯ ಹಮೀದಾಬಿಯ ಮೊರೆ ಹೋಗುತ್ತಿದ್ದಳು. ಹಮೀದಾಬಿಗೆ ನಮ್ಮ ಮನೆಯ ಯಾವ ಹೆಸರಿನ ಹಂಗೂ ಇರಲಿಲ್ಲ. ಅವಳು ಕಟ್ಟೆ ಹತ್ತಿ ಒಂದು ಕೂಗು ಹಾಕಿದರೆ ಊರ ನಾಯಿಗಳೂ ಎದ್ದು ನಿಲ್ಲುತ್ತಿದ್ದವು.

ಅಜ್ಜಿಯ ಪಾಡು ಇನ್ನೂ ಚಂದ. ತೀರಿಹೋದ ನಮ್ಮಜ್ಜನ ಹೆಸರು ಗಾಳೆಪ್ಪ, ಅದಕ್ಕೆ ಅವಳು ಗಾಳಿ ಎಂಬ ಶಬ್ದವನ್ನೇ ಬಿಟ್ಟುಬಿಟ್ಟಿದ್ದಳು. ಕಣದಲ್ಲಿ ಜೋಳದ ರಾಶಿ ತೂರುವಾಗ, "ನಿಮ್ಮಜ್ಜ ಬೀಸಾಕ ಹತ್ಯಾನ, ಲಗೂನ ತೂರ್ರಿ" ಎನ್ನುತ್ತಿದ್ದಳು. ಅಪ್ಪನ ಹೆಸರು ಹೊಳಿಯಪ್ಪ. ಅವ್ವನಿಗೆ ಹೊಳೆಗೆ ಹೋಗುವುದು ಗೊತ್ತು, ಹೊಳೆ ಎನ್ನುವುದು ಗೊತ್ತಿಲ್ಲ. ಇಂಥ ಮನೆಯಲ್ಲಿ ಎರಡನೆಯ ಹೆಣ್ಣು ಹುಟ್ಟಿತು.

ಯುದ್ಧದ ಕಾಲ, ಕುಷ್ಟಗಿಯಲ್ಲಿ ಹುಡುಕಿದರೂ ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಆದರೆ ಹೆಸರುಗಳಿಗೇನೂ ಬರವಿರಲಿಲ್ಲ. "ನಿಮ್ಮಪ್ಪನ ಹೆಸರು ಮನ್ಯಾಗ ಉಳೀಬೇಕು" ಎಂದು ಅಜ್ಜಿ ಅಪ್ಪನಿಗೆ ಹೇಳಿದಳು. ಹಾಗೆಂದರೆ ಗಾಳೆಮ್ಮ. ತಾನೇ ಸೂಚಿಸಿದ ಹೆಸರನ್ನು ತಾನೇ ಹೇಳಲಾಗದೆ ಕೈ ಬೀಸಿ ಬೀಸಿ ತೋರಿಸಿದಳು. ಕನಕಗಿರಿಯಿಂದ ಬಂದಿದ್ದ ನನ್ನ ಸೋದರತ್ತೆ ಹೊಳಿಯಮ್ಮ ಎಂದಿಡಲು ಹಟ ಹಿಡಿದಳು. ಅದು ಅಪ್ಪನ ಸತ್ತುಹೋದ ಸೋದರತ್ತೆಯ ಹೆಸರು. ಎರಡೂ ಹಳೆಯ ಹೆಸರು, ಎರಡೂ ಒಳ್ಳೆಯ ಹೆಸರು, ಎರಡೂ ಅವ್ವನ ಬಾಯಿಗೆ ಬೀಗ.

ಬಾಣಂತಿ ಕೋಣೆಯಿಂದಲೇ ಅವ್ವ ಮಾತಾಡಿದಳು. "ಒಂದು ಕೂಸಿಗೆ ಅತ್ತಿಯಾರ ಅತ್ತಿಯಾರ ಅಂತ ಕೈಮುಗ್ದು ಸಾಕಾಗೇತಿ. ಇದನ್ನರ ನಾ ಹೆಸರು ಹಿಡ್ದು ಕರೀಬೇಕು. ನಮ್ಮವ್ವನ ಹೆಸರು ಇಡ್ರಿ, ಹುಲಿಗವ್ವ ಅಂತ."

ಸಿದ್ದಾಪುರದ ಆ ಅಜ್ಜಿ ಹಿಂದಿನ ವರ್ಷ ತೀರಿಕೊಂಡಿದ್ದಳು. ಅದಕ್ಕೇ ಅವ್ವ ಬಾಣಂತನಕ್ಕೆ ತವರಿಗೆ ಹೋಗಿರಲಿಲ್ಲ.

"ನಮ್ಮ ಮನಿ ತೊಟ್ಟಿಲದಾಗ ಬೀಗತಿ ಹೆಸರೇನು?" ಎಂದಳು ಅಜ್ಜಿ. ಮದುವೆಯಲ್ಲಿ ಹೋಳಿಗೆಗೆ ತುಪ್ಪ ಸಾಲದಾದಾಗ ಹುಲಿಗವ್ವ ಆಡಿದ ಒಂದು ಮಾತನ್ನು ಅಜ್ಜಿ ಮರೆತಿರಲಿಲ್ಲ, ಮರೆಯುವ ವಿಚಾರವೂ ಇರಲಿಲ್ಲ.

ಅಪ್ಪ ನಡುವೆ ಬಂದ. "ಯಾವುದರ ಇಡ್ರಿ. ನೀವು ಕರೀಲಿಲ್ಲಂದ್ರ ನಾ ಕರೀತೀನಿ."

"ನೀವು ಹೊತ್ತು ಮುಣುಗಿದ ಮ್ಯಾಲ ಹೊಲದಿಂದ ಬರ್ತೀರಿ" ಎಂದಳು ಅವ್ವ. "ಅಲ್ಲೀತನಕ ಕೂಸು ಬಾವಿ ದಂಡಿಮ್ಯಾಲ ಸುಮ್ಮನ ನಿಂತಿರತೈತೇನ್ರಿ?"

ಅಪ್ಪ ಎತ್ತಿಗೆ ನೀರು ಕುಡಿಸುವ ನೆವ ಹೇಳಿ ಜಾರಿಕೊಂಡ. ಅಜ್ಜಿ ಮಾತ್ರ ಬೀಗತಿಯ ಹೆಸರು ಸಾಧ್ಯವೇ ಇಲ್ಲ ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಳು.

ತೊಟ್ಟಿಲಿಗೆ ಹಾಕುವ ದಿನ ಬಂತು. ಬೆಳಿಗ್ಗೆ ನಾನು ಅಂಗಳದಲ್ಲಿ ಎಮ್ಮೆಗೆಂದು ಕಲಗಚ್ಚು ತುಂಬಿಟ್ಟ ಬಾನಿಯ ಪಕ್ಕದಲ್ಲಿ ಕೂತು ಮಣ್ಣಿನ ರೊಟ್ಟಿ ತಟ್ಟುತ್ತಿದ್ದೆ. ಆ ಹೊತ್ತಿಗೆ ಎಮ್ಮೆ ಹಗ್ಗ ಕಿತ್ತುಕೊಂಡು ನನ್ನ ಬೆನ್ನ ಹಿಂದಿನಿಂದ ಕಲಗಚ್ಚಿಗೆ ನುಗ್ಗಿತು. ನಾನು ಕಂಡಿರಲಿಲ್ಲ. ಅಜ್ಜಿ ಕಂಡಳು.

"ಅತ್ತಿಯಾರ, ಈ ಕಡೆ ಬರ್ರಿ. ಅತ್ತಿಯಾರ, ಲಗೂ" ಎಂದು ಕೂಗಿದಳು. ಅಂಗಳದ ತುಂಬ ಕಾರ್ಯಕ್ಕೆ ಬಂದ ಮುದುಕಿಯರು. ಅವರಲ್ಲಿ ಯಾರಿಗೂ ಅತ್ತೆಯಾಗದವರು ಯಾರಿದ್ದಾರೆ? ಎಲ್ಲರೂ ಗಡಬಡಿಸಿ ಎದ್ದು ಅಜ್ಜಿಯ ಹತ್ತಿರ ಓಡಿದರು. ಒಬ್ಬಳಂತೂ ಓಡುವ ಗಡಿಬಿಡಿಯಲ್ಲಿ ಅರಿಶಿನದ ಬಟ್ಟಲನ್ನೇ ತುಳಿದಳು. ಕೂತಲ್ಲೇ ಉಳಿದವಳು ನಾನೊಬ್ಬಳೇ. ಎಮ್ಮೆ ಬಂದು ಮೂತಿಯಿಂದ ನೂಕಿತು, ನಾನು ಕಾಲು ಮೇಲಾಗಿ ಬಾನಿಯೊಳಗೆ ಬಿದ್ದೆ.

ಹಮೀದಾಬಿ ಓಡಿ ಬಂದು ಎತ್ತಿದಳು. ನನ್ನ ತಲೆಯ ಮೇಲೆ ಬದನೆಕಾಯಿ ತೊಟ್ಟು, ಕಿವಿಯಲ್ಲಿ ನುಚ್ಚು. ಕಾರ್ಯಕ್ಕೆಂದು ಹಾಕಿದ್ದ ಹೊಸ ಲಂಗ ಹಾಳಾಗಿತ್ತು. ಅಜ್ಜಿ ಕೈ ಎತ್ತಿದಳು. ಬೈಗುಳ ಗಂಟಲಿಗೆ ಬಂದದ್ದು ನನಗೆ ಕಾಣುತ್ತಿತ್ತು. ಆದರೆ ಎತ್ತಿದ ಕೈ ಹಾಗೇ ತಲೆಗೆ ಹೋಗಿ ಸೆರಗು ಎಳೆದುಕೊಂಡಿತು.

"ಮೈ ತೊಳಕೊಳ್ಳಾಕ ನಡೀರಿ ಅತ್ತಿಯಾರ" ಎಂದಳು. ಅವಳ ಮುಖ ಕೆಂಪಗಾಗಿತ್ತು. ಅತ್ತೆ ಬದುಕಿದ್ದಾಗಲೂ ಆಕೆಗೆ ಎದುರಾಡಲು ಆಗಲಿಲ್ಲ, ಆಕೆ ಸತ್ತು ಮೊಮ್ಮಗಳಾಗಿ ಬಂದ ಮೇಲೂ ಆಗಲಿಲ್ಲ.

ಕೋಣೆಯ ಬಾಗಿಲಲ್ಲಿ ನಿಂತು ಅವ್ವ ಎಲ್ಲವನ್ನೂ ನೋಡುತ್ತಿದ್ದಳು. ಮೆಲ್ಲಗೆ ಹೇಳಿದಳು. "ಅತ್ತಿ, ಒಂದು ಮಾತು ಕೇಳ್ರಿ. ಹುಲಿಗವ್ವ ಅಂತ ಇಟ್ರ ನಿಮಗ ಆಕಿ ಏನಾಗಬೇಕು? ಬೀಗತಿ. ಬೀಗತಿ ಹೆಸರು ಕರೀಬಾರದು ಅಂತ ಯಾರು ಹೇಳ್ಯಾರ? ಬಾಯಿ ತುಂಬ ಕರೀರಿ, ತಪ್ಪು ಮಾಡಿದ್ರ ಬಾಯಿ ತುಂಬ ಬೈರಿ."

ಅಜ್ಜಿ ಬಾಯೊಳಗೇ "ಹುಲಿಗಿ" ಎಂದು ನೋಡಿದಳು. ಇನ್ನೊಮ್ಮೆ ತುಸು ಜೋರಾಗಿ, "ಏ ಹುಲಿಗಿ, ತುಪ್ಪ ಕಡಿಮಿ ಬಿತ್ತೇನು?" ಎಂದಳು. ಮುಖ ಅರಳಿತು. ಅಷ್ಟು ಸಂತೋಷ ಅವಳ ಮುಖದ ಮೇಲೆ ನಾನು ಹಬ್ಬದಲ್ಲೂ ಕಂಡಿರಲಿಲ್ಲ.

"ಹೆಸರು ಛಲೋ ಐತಿ, ಅದನ್ನ ಇಡ್ರಿ" ಎಂದಳು.

ಸೋದರತ್ತೆ ಮುಖ ಊದಿಸಿಕೊಂಡೇ ಕೂಸಿನ ಕಿವಿಯಲ್ಲಿ ಹೆಸರು ಉಸುರಿದಳು. ಹೆಸರು ಉಸುರುವವಳ ಬೆನ್ನಿಗೆ ಉಳಿದವರು ಗುದ್ದಬೇಕೆಂಬುದು ಶಾಸ್ತ್ರ. ಕನಕಗಿರಿಯ ಅತ್ತೆಗೆ ಆ ದಿನ ಬಿದ್ದ ಗುದ್ದುಗಳಲ್ಲಿ ಎಲ್ಲವೂ ಶಾಸ್ತ್ರದವಾಗಿರಲಿಲ್ಲ. ಒಂದೆರಡು ನನ್ನವೂ ಇದ್ದವು.

"ಈಗ ನೀ ಹೆಸರು ಹಿಡ್ದು ಕರಿ, ಗುರುಲಿಂಗಮ್ಮ" ಎಂದಳು ಹಮೀದಾಬಿ. "ಅಷ್ಟು ಜಗಳ ಮಾಡಿ ಗೆದ್ದೀದಿ."

ಅವ್ವ ತೊಟ್ಟಿಲ ಮೇಲೆ ಬಾಗಿದಳು. ತುಟಿ ತೆರೆದಳು, ಮುಚ್ಚಿದಳು. ಮತ್ತೆ ತೆರೆದಳು. ಯಾರೂ ತಡೆದಿರಲಿಲ್ಲ, ಯಾವ ರೂಢಿಯೂ ಅಡ್ಡ ಇರಲಿಲ್ಲ. ಆದರೂ ಆ ಹೆಸರು ಅವಳ ಬಾಯಿಂದ ಹೊರಡಲಿಲ್ಲ.

"ಅವ್ವಾ" ಎಂದಳು. ಅಷ್ಟು ಹೇಳಿ ಬಿಕ್ಕಿ ಬಿಕ್ಕಿ ಅತ್ತಳು.

ಅಜ್ಜಿ ಏನು ಮಾಡಬೇಕೋ ತಿಳಿಯದೆ ಕೂಸನ್ನು ಎತ್ತಿಕೊಂಡಳು. ಕೂಸು ತಡಮಾಡದೆ ಅವಳ ಇಳಕಲ್ ಸೀರೆಯ ಮೇಲೆ ಉಚ್ಚೆ ಹೊಯ್ದಿತು. ಅಜ್ಜಿ ಇಂಥ ಹೊತ್ತಿಗೇ ಕಾದಿದ್ದಳು. "ಏ ಹುಲಿಗಿ, ನಾಚಿಗಿಗೇಡಿ, ನಿನ್ನ..." ಎಂದು ಶುರು ಮಾಡಿದಳು.

"ಅತ್ತಿ" ಎಂದಳು ಅವ್ವ, ಕಣ್ಣು ಒರೆಸಿಕೊಳ್ಳುತ್ತ. "ನಮ್ಮವ್ವಗ ಹಂಗ ಅನಬ್ಯಾಡ್ರಿ."

ಅಜ್ಜಿ ನನ್ನನ್ನು ನೋಡಿದಳು, ಕೂಸನ್ನು ನೋಡಿದಳು. "ಮತ್ತ ಈ ಮನ್ಯಾಗ ನಾ ಯಾರಿಗೆ ಬೈಲಿ?" ಎಂದು ಕೇಳಿದಳು.

"ನನಗ ಬೈರಿ" ಎಂದು ಅವ್ವ ಕೈ ಚಾಚಿದಳು. ಕೂಸನ್ನು ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡು, ಕಾರ್ಯದ ಮನೆ, ಮಂದಿ, ಬೆಲ್ಲ ಹಂಚುವುದು ಎಲ್ಲವನ್ನೂ ಮರೆತು "ಅವ್ವಾ, ಅವ್ವಾ" ಎಂದು ಮತ್ತೆ ಮತ್ತೆ ಕರೆದಳು. ಒಂದು ವರ್ಷದಿಂದ ಹಾಗೆ ಕರೆಯಲು ಅವಳಿಗೆ ಯಾರೂ ಇರಲಿಲ್ಲ.